‘ಹೊಗೆಸೊಪ್ಪು ಇಲ್ಲ ಡಾಕ್ಟ್ರೇ, ಬರೀ ಅಡಿಕೆ’

ಬಾಯಿ ರೋಗಗಳ ವೈದ್ಯೆಯಾದ ನನಗೆ ಪ್ರತಿ ತಿಂಗಳು ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆ. ಊರು ಬೇರೆ, ವಯಸ್ಸು ಬೇರೆ, ಮಾತು ಮಾತ್ರ ಅದೇ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಜಾಗದ ಬಹುಪಾಲು ಅದಕ್ಕೇ.

ನನ್ನ ತಮ್ಮನಿಗೆ 29 ವರ್ಷ. ತಂಬಾಕು ಮುಟ್ಟುವುದಿಲ್ಲ. ಅಡಿಕೆ ಚೂರು, ಸಿಹಿ ಪಾನ್ ಮಸಾಲ ಅಷ್ಟೇ. ಆರು ತಿಂಗಳಿಂದ ಖಾರ ತಿಂದರೆ ಬಾಯಿ ಉರಿ. ಈಗ ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ. ಮೆಡಿಕಲ್ ಶಾಪ್‌ನವರು ವಿಟಮಿನ್ ಮಾತ್ರೆ ಕೊಟ್ಟಿದ್ದಾರೆ. ತಂಬಾಕು ಇಲ್ಲ ಅಂದಮೇಲೆ ಕ್ಯಾನ್ಸರ್ ಭಯ ಇಲ್ಲ ಅಲ್ವಾ? – ಓದುಗರೊಬ್ಬರು, ಸಾಗರ

ಭಯ ಇದೆ. ಅಡಿಕೆಯೇ ಕ್ಯಾನ್ಸರ್ ತರುತ್ತದೆ. ಜೊತೆಗೆ ತಂಬಾಕು ಬೇಕೇ ಬೇಕು ಅಂತಿಲ್ಲ.

ಬಾಯಿ ನೋಡದೆ ಇದೇ ರೋಗ ಎಂದು ನಾನು ಹೇಳುವುದಿಲ್ಲ. ಆದರೆ ಅಡಿಕೆ ತಿನ್ನುವ ಹುಡುಗ, ಖಾರಕ್ಕೆ ಉರಿ, ತೆರೆಯದ ಬಾಯಿ. ಈ ಮೂರೂ ಸೇರಿದರೆ ಮೊದಲು ಅನುಮಾನ ಬರುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಮೇಲೆ. ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆಯುತ್ತದೆ. ಮೆತ್ತಗಿರಬೇಕಾದ ಕೆನ್ನೆ ಬಿಳಿಚಿಕೊಂಡು ಗಟ್ಟಿಯಾಗುತ್ತದೆ. ಬೆರಳಿಟ್ಟರೆ ಹಗ್ಗದಂಥ ಪಟ್ಟಿ ಸಿಗುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ನಾರು ಮಾಡುವ ಜೀವಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯಲ್ಲೇ ಇರುವ ತಾಮ್ರ ಆ ನಾರನ್ನು ಇನ್ನಷ್ಟು ಬಿಗಿಯುತ್ತದೆ. ತಂಬಾಕು ಇಲ್ಲದೆಯೇ ಇಷ್ಟೆಲ್ಲ ನಡೆಯುತ್ತದೆ.

ಇಂಥ ಬಾಯಿ ಕ್ಯಾನ್ಸರ್‌ಗೆ ತಿರುಗಬಹುದು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ರೋಗದ 66 ಜನರನ್ನು ವರ್ಷಗಟ್ಟಲೆ ಗಮನಿಸಿದರು. 1985ರಲ್ಲಿ ಆ ಲೆಕ್ಕ ಪ್ರಕಟವಾಯಿತು. ಐವರಿಗೆ ಬಾಯಿ ಕ್ಯಾನ್ಸರ್ ಆಗಿತ್ತು.

‘ಬರೀ ಅಡಿಕೆಗೆ ಏನೂ ಆಗಲ್ಲ’ ಎಂಬ ಮಾತು ಎಲ್ಲಿಂದ ಬಂತು ಎಂಬುದೂ ನನಗೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಸೇರಿದ ಎಲೆಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ಬರೀ ಅಡಿಕೆಗೆ ಆಗ ಸಾಕಷ್ಟು ಪುರಾವೆ ಇರಲಿಲ್ಲ. ನಮ್ಮಲ್ಲಿ ತಿನ್ನುವವರು ಎರಡನ್ನೂ ಕೂಡಿಸಿಯೇ ತಿನ್ನುತ್ತಾರೆ, ಬಿಡಿಸಿ ನೋಡುವುದು ಕಷ್ಟ. ತೈವಾನ್‌ನಲ್ಲಿ ಹಾಗಲ್ಲ. ಅಲ್ಲಿ ಅಡಿಕೆಗೆ ತಂಬಾಕು ಹಾಕುವ ರೂಢಿಯೇ ಇಲ್ಲ. ಅಲ್ಲಿ ಸಿಗರೇಟು ಸೇದದವರನ್ನು ಬೇರೆ ಮಾಡಿ ನೋಡಿದಾಗಲೂ ಅಡಿಕೆ ಅಗಿಯುವವರಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ ಕಂಡಿತು. 2003ರಲ್ಲಿ ಅದೇ ಸಂಸ್ಥೆ ಮತ್ತೆ ಕೂತು, ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದವುಗಳ ಗುಂಪು.

ಇದನ್ನು ಬರೆದಾಗೆಲ್ಲ ಬೆಳೆಗಾರರು ಸಿಟ್ಟಾಗುತ್ತಾರೆ. ನನ್ನ ತವರಿನಲ್ಲೂ ಅಡಿಕೆ ತೋಟ ಇದೆ. ಆ ದುಡ್ಡಿನಲ್ಲೇ ನಾನು ಓದಿದ್ದು. ಕೊಳೆರೋಗ ಬಂದ ವರ್ಷ ಮನೆಯಲ್ಲಿ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಂತ ನನ್ನೆದುರು ಕೂತ ಹುಡುಗನಿಗೆ ಸುಳ್ಳು ಹೇಳಲಾರೆ.

ಈಗ ನಿಮ್ಮ ತಮ್ಮ. ಇವತ್ತಿನಿಂದಲೇ ಅಡಿಕೆ ನಿಲ್ಲಬೇಕು. ಕಡಿಮೆ ಮಾಡುವುದಲ್ಲ, ನಿಲ್ಲಿಸುವುದು. ಅಡಿಕೆಗೆ ಚಟ ಹಿಡಿಸುವ ಗುಣ ಇದೆ, ಬಿಡುವಾಗ ಕಿರಿಕಿರಿ ಆಗುತ್ತದೆ. ಬೈಯಬೇಡಿ, ಜೊತೆಗಿರಿ. ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳಿ. ಹಿಡಿಸದಿದ್ದರೆ ಬಾಯಿ ಬಿಗಿದಿದೆ ಎಂದೇ ಲೆಕ್ಕ. ಹಿಡಿಸಿತು ಎಂದು ಸುಮ್ನೆ ಕೂರಬೇಡಿ, ಈ ವಾರವೇ ದಂತ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಟ್ಟಿದ ನಾರು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ವ್ಯಾಯಾಮ, ಇಂಜೆಕ್ಷನ್, ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಬಾಯಿ ಸ್ವಲ್ಪ ತೆರೆದರೂ ಕ್ಯಾನ್ಸರ್ ಅಪಾಯ ಉಳಿದೇ ಇರುತ್ತದೆ. ಆದ್ದರಿಂದ ಕೆಲವು ತಿಂಗಳಿಗೊಮ್ಮೆ ತೋರಿಸುತ್ತಲೇ ಇರಬೇಕು. ವಿಟಮಿನ್ ಮಾತ್ರೆಯ ಹೆಸರಿನಲ್ಲಿ ಆರು ತಿಂಗಳು ಹಾಳಾಗಿದೆ. ಅದು ನನಗೆ ಬಹಳ ಸಂಕಟದ ವಿಷಯ.

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದಂತೆ?

ಬಾಯಿಯ ಮಚ್ಚೆಯಿಂದ ಚೂರು ತೆಗೆದ ಮಾತ್ರಕ್ಕೆ ಕ್ಯಾನ್ಸರ್ ಹರಡುವುದಿಲ್ಲ. ಹೆದರಿ ತಿಂಗಳುಗಟ್ಟಲೆ ಮುಂದೂಡುತ್ತೀರಲ್ಲ, ಅಷ್ಟರಲ್ಲಿ ಹರಡುತ್ತದೆ.

ಲಕ್ಷ್ಮಣ ಫಲದ ರಸ ಕುಡಿದರೆ ವಾಸಿಯಾಗುತ್ತದಾ?

ಇಲ್ಲ. ಹಾಗೆಂದು ದುಡ್ಡು ಕೀಳುವವರಿಗೆ ಬೇಕಾಗಿರುವುದು ನಿಮ್ಮ ಜೇಬು.

ಒಂದೇ ರಕ್ತಪರೀಕ್ಷೆಯಲ್ಲಿ ಬಾಯಿ ಕ್ಯಾನ್ಸರ್ ಮೊದಲೇ ತಿಳಿಯುವ ಪ್ಯಾಕೇಜ್ ಮಾಡಿಸಲೇ?

ಬೇಡ. ಬಾಯಿಗೆ ಬೇಕಿರುವುದು ಬೆಳಕು ಮತ್ತು ನೋಡಲು ಕಲಿತ ಕಣ್ಣು. ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ 1996ರಿಂದ ನಡೆದ ಅಧ್ಯಯನದಲ್ಲಿ ಬಾಯಿ ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಮನೆಮನೆಗೆ ಹೋಗಿ ಹೀಗೆ ನೋಡಿದ ಪಂಚಾಯತಿಗಳಲ್ಲಿ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ 34ರಷ್ಟು ಕಡಿಮೆಯಾಗಿತ್ತು.

ಅಪ್ಪನ ಕೆನ್ನೆಯೊಳಗೆ ಬಿಳಿ ಮಚ್ಚೆ ಇದೆ. ನೋವಿಲ್ಲ, ಯಾಕೆ ತೋರಿಸಲಿ ಅನ್ನುತ್ತಾರೆ.

ನೋವಿಲ್ಲದಾಗಲೇ ತೋರಿಸಬೇಕು. ನೋವು ಬರುವುದು ಎಷ್ಟೋ ಸಲ ತಡವಾದ ಮೇಲೆ. ಕ್ಯಾನ್ಸರ್ ಎಂಬ ಮಾತೆತ್ತಿದರೆ ಅವರು ಮನೆಯಿಂದ ಹೊರಡಲಿಕ್ಕಿಲ್ಲ. ಹಲ್ಲು ಕ್ಲೀನ್ ಮಾಡಿಸೋಣ ಬನ್ನಿ ಅಂತ ಕರೆದುಕೊಂಡು ಹೋಗಿ. ಮಚ್ಚೆಯ ವಿಷಯವನ್ನು ಚೀಟಿಯಲ್ಲಿ ಬರೆದು ದಂತವೈದ್ಯರ ಕೈಗೆ ಮೊದಲೇ ಕೊಟ್ಟಿರಿ.