ಮದುವೆ ಕ್ಯಾಸೆಟ್‌ನಲ್ಲಿ ಉಳಿದ ಮನೆ

ಪ್ರಶ್ನೆ: ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ನಮ್ಮ ಮನೆ ಹೋಯಿತು, ಈಗ ನವನಗರದಲ್ಲಿದ್ದೇವೆ. ಆ ಮನೆಯಲ್ಲೇ ನಡೆದ ಅಕ್ಕನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಒಂದಿದೆ. ಅದರಿಂದ ಮನೆಯ ನೆನಪಿನ ವಿಡಿಯೊ ಕಲಾಕೃತಿ ಮಾಡುವಾಸೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಬಾಗಲಕೋಟೆ

ಉತ್ತರ: ದಯವಿಟ್ಟು ಅವಸರದಲ್ಲಿ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕಬೇಡಿ. ಮೊದಲು ಅದರ ಕಿಂಡಿಯಿಂದ ಸುರುಳಿಯ ಅಂಚು ನೋಡಿ. ಬೂದಿ ಬಳಿದಂತೆ ಬಿಳಿ ಪುಡಿ ಕಂಡರೆ ಅದು ಬೂಸ್ಟು. ಓಡಿಸಿದರೆ ಟೇಪ್ ಹರಿಯಬಹುದು, ವಿಸಿಆರ್‌ನಲ್ಲಿ ಟೇಪ್ ಓದುವ ಹೆಡ್‌ಗೂ ಬೂಸ್ಟು ಅಂಟುತ್ತದೆ. ಟೇಪ್ ಶುಚಿ ಮಾಡುವವರಿಗೇ ಕೊಡಿ. ಬೂಸ್ಟಿಲ್ಲದಿದ್ದರೆ ಕೊನೆವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಇಳಿಸುವಾಗ ಸೆಟ್ಟಿಂಗ್ ಪಾಲ್ (ನಮ್ಮ ದೇಶದ ಟಿವಿ ಪದ್ಧತಿ), 720×576, ಸೆಕೆಂಡಿಗೆ 25 ಫ್ರೇಮ್ ಇರಲಿ. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಬಿಟ್ಟರೆ ಬಣ್ಣ ಹೋಗಿ ಚಿತ್ರ ಉರುಳುತ್ತದೆ. ಡಿವಿ (ಡಿಜಿಟಲ್ ವಿಡಿಯೊ) ಫಾರ್ಮ್ಯಾಟಿಗೆ ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಟೇಪಿನ ಪ್ರತಿ ಫ್ರೇಮಿನಲ್ಲಿ ಫೀಲ್ಡ್ ಎಂಬ ಎರಡು ಅರೆಚಿತ್ರಗಳು ಹೆಣೆದುಕೊಂಡಿರುತ್ತವೆ; ಅವನ್ನು ಬಿಡಿಸುವಾಗ, ಅಂದರೆ ಡಿಇಂಟರ್‌ಲೇಸ್ ಮಾಡುವಾಗ, ಪ್ರತಿ ಫೀಲ್ಡಿಗೊಂದರಂತೆ ಸೆಕೆಂಡಿಗೆ 50 ಫ್ರೇಮ್ ಉಳಿಸಿ. ಫೀಲ್ಡ್ ಕ್ರಮ ತಪ್ಪಿದರೆ ನಡೆಯುವವರು ಹಿಂದೆಮುಂದೆ ತುಯ್ಯುತ್ತಾರೆ.

ಮದುವೆ ವಿಡಿಯೊದವರು ಮನೆಗಾಗಿಯೇ ಮನೆಯನ್ನು ಹಿಡಿದಿರುವುದಿಲ್ಲ. ಅದು ಇರುವುದು ಜನರ ಬೆನ್ನ ಹಿಂದೆ, ಕ್ಯಾಮೆರಾ ಅತ್ತಿಂದಿತ್ತ ತಿರುಗಿದ ಎರಡು ಮೂರು ಸೆಕೆಂಡುಗಳಲ್ಲಿ: ಪಡಸಾಲೆಯ ಕಂಬ, ಬೆಳಕಿಂಡಿಯ ಬಿಸಿಲು, ಗೋಡೆಯ ಗೂಡು. ಅವನ್ನೇ ಹೆಕ್ಕಿ, ಕೋಣೆಗೊಂದು ಫೋಲ್ಡರ್ ಮಾಡಿ. ಒಂದು ಕೋಣೆಗೆ 20 ಸೆಕೆಂಡು ಸಿಕ್ಕರೂ ಕಾಲು ವೇಗದಲ್ಲಿ 80 ಆಗುತ್ತದೆ; 50 ಫ್ರೇಮ್ ಉಳಿಸಿ ಎಂದದ್ದು ಇದಕ್ಕೇ. ಸಿಗದ ಕೋಣೆಗೆ ಪರದೆ ಕಪ್ಪಾಗಿರಲಿ, ಬೇರೆ ಮನೆಯ ಚಿತ್ರ ತುಂಬಬೇಡಿ. ಎಐ ಬಳಸಿ ಸ್ಪಷ್ಟಗೊಳಿಸುವುದಂತೂ ಬೇಡವೇ ಬೇಡ: ಟೇಪಿನಲ್ಲಿಲ್ಲದ ಗೆರೆಗಳನ್ನು ಅದು ಊಹಿಸಿ ಬರೆಯುತ್ತದೆ, ಮುಖಗಳೂ ಬದಲಾಗುತ್ತವೆ.

ಇಂಥ ಕ್ಯಾಸೆಟ್ಟುಗಳಲ್ಲಿ ಮೂಲ ಸದ್ದು ಅಳಿಸಿ ಸಿನಿಮಾ ಹಾಡು ಕೂರಿಸಿರುವುದು ಸಾಮಾನ್ಯ. ಹಾಡಿದ್ದರೆ ತೆಗೆಯಿರಿ, ಸಾರ್ವಜನಿಕ ಪ್ರದರ್ಶನಕ್ಕೆ ಅದರ ಹಕ್ಕು ಪಡೆಯಬೇಕಾಗುತ್ತದೆ. ಬದಲಿಗೆ ಮನೆಮಂದಿಯನ್ನು "ತಲೆಬಾಗಿಲು ದಾಟಿದರೆ ಎಡಕ್ಕೇನಿತ್ತು?" ಎಂದು ಕೇಳಿ ರೆಕಾರ್ಡ್ ಮಾಡಿ. ಒಬ್ಬೊಬ್ಬರನ್ನೇ ಕೇಳಿ, ಒಟ್ಟಿಗೆ ಕೂತರೆ ಹಿರಿಯರು ಹೇಳಿದ್ದಕ್ಕೆ ಎಲ್ಲರೂ ಹೂಂಗುಟ್ಟುತ್ತಾರೆ. ಅಮ್ಮ ನೀರಿನ ಹಂಡೆ ಎಂದು, ಅಕ್ಕ ಬೀಸುಕಲ್ಲು ಎಂದರೆ ಎರಡನ್ನೂ ಇಡಿ. ನಿಮ್ಮ ಕೃತಿಯ ಜೀವ ಈ ಹೊಂದಾಣಿಕೆಯಾಗದ ಜಾಗದಲ್ಲೇ ಇದೆ.

ತೋರಿಸಲು ದುಬಾರಿ ಪ್ರೊಜೆಕ್ಟರ್ ಬೇಕಿಲ್ಲ. ದೇಶವಿಭಜನೆಯ ನೆನಪಿನ ಕೃತಿಯೊಂದರಲ್ಲಿ ಕಲಾವಿದೆ ನಳಿನಿ ಮಲಾನಿ ಟಿವಿಗಳನ್ನು ತಗಡಿನ ಟ್ರಂಕುಗಳಲ್ಲಿ ಇಟ್ಟಿದ್ದರು. ನೀವು ಕೋಣೆಗೊಂದರಂತೆ ಹಳೆಯ ಡಬ್ಬಾ ಟಿವಿ ಇಡಬಹುದು. ವಿಎಚ್‌ಎಸ್ ಚಿತ್ರ ಅದಕ್ಕೆಂದೇ ಹುಟ್ಟಿದ್ದು. ಹಿಂಬದಿಗೆ ಗಾಳಿಯಾಡಲು ಒಂದು ಗೇಣು ಜಾಗ ಬಿಡಿ.