ಶ್ರದ್ಧೆಯೊಳಗೆ ತರ್ಕಕ್ಕೆ ಜಾಗವಿದೆಯೇ?

ಪ್ರಶ್ನೆ: ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವನು ನಾನು. ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ತರಗತಿಯಲ್ಲಿ ಹೇಳುತ್ತೇನೆ. ಬೇಲೂರಿಗೆ ಹೋದರೆ ಚೆನ್ನಕೇಶವನ ಮುಂದೆ ಮನಸಾರೆ ಕೈಮುಗಿಯುತ್ತೇನೆ. ‘ಅಪ್ಪಾ, ಇವೆರಡರಲ್ಲಿ ನಿಮ್ಮ ನಿಜವಾದ ಮಾತು ಯಾವುದು?’ ಎಂದು ಮಗಳು ಕೇಳಿದಾಗ ಉತ್ತರ ಹೊಳೆಯಲಿಲ್ಲ. ತರ್ಕವೂ ಶ್ರದ್ಧೆಯೂ ಒಂದೇ ಮನಸ್ಸಿನಲ್ಲಿ ಪ್ರಾಮಾಣಿಕವಾಗಿ ಇರಬಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಮಾನ್ಯರೇ, ನೀವು ಕೈಮುಗಿಯುವ ಬೇಲೂರಿನಿಂದಲೇ ಆರಂಭಿಸೋಣ. ಶೈವರು ಶಿವನೆಂದೂ, ವೇದಾಂತಿಗಳು ಬ್ರಹ್ಮವೆಂದೂ, ಬೌದ್ಧರು ಬುದ್ಧನೆಂದೂ, ನೈಯಾಯಿಕರು (ತರ್ಕಪ್ರಧಾನವಾದ ನ್ಯಾಯದರ್ಶನದವರು) ಕರ್ತನೆಂದೂ, ಜೈನರು ಅರ್ಹಂತನೆಂದೂ, ಮೀಮಾಂಸಕರು (ವೇದೋಕ್ತ ಕರ್ಮಕ್ಕೆ ಪ್ರಾಧಾನ್ಯ ಕೊಡುವ ದರ್ಶನದವರು) ಕರ್ಮವೆಂದೂ ಕರೆಯುವವನು ಈ ಕೇಶವನೇ ಎನ್ನುವ ಶ್ಲೋಕ ಆ ದೇವಾಲಯದೊಂದಿಗೆ ಬೆಸೆದುಕೊಂಡಿದೆ. ಸಮನ್ವಯದ ಮಾತೆಂದು ನಾವು ಅದನ್ನು ಮೆಚ್ಚುತ್ತೇವೆ. ಆದರೆ ಅಲ್ಲಿ ಹೆಸರಿಸಿದವರು ಶತಮಾನಗಳ ಕಾಲ ಪರಸ್ಪರ ವಾದಿಸಿದವರು ಎಂಬುದನ್ನು ಮರೆಯುತ್ತೇವೆ. ಮಡಕೆಗೆ ಕುಂಬಾರನಿರುವಂತೆ ಕಾರ್ಯರೂಪವಾದ, ಅಂದರೆ ಕಾರಣವೊಂದರಿಂದ ಉಂಟಾದ, ಜಗತ್ತಿಗೂ ಕರ್ತನೊಬ್ಬನಿರಬೇಕು ಎಂದು ಅನುಮಾನ ಪ್ರಮಾಣದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವ ದಾರಿಯಿಂದ, ಸಾಧಿಸಹೊರಟವರು ನೈಯಾಯಿಕರು. ಉದಯನಾಚಾರ್ಯರ ‘ನ್ಯಾಯಕುಸುಮಾಂಜಲಿ’ಯ ವಸ್ತುವೇ ಈಶ್ವರಸಾಧನೆ, ಅಂದರೆ ದೇವರಿದ್ದಾನೆಂದು ಯುಕ್ತಿಯಿಂದ ಸಾಧಿಸುವುದು. ವೇದವನ್ನು ತಲೆಯ ಮೇಲೆ ಹೊತ್ತ ಮೀಮಾಂಸಕರಾದ ಕುಮಾರಿಲರಾದರೋ ಸೃಷ್ಟಿಕರ್ತನನ್ನು ಒಪ್ಪಲಿಲ್ಲ.

ಈ ವಾದದಲ್ಲಿ ನನ್ನನ್ನು ಬಹಳ ಕಾಲ ಕಾಡಿದವರು ರಾಮಾನುಜಾಚಾರ್ಯರು. 1117ರಲ್ಲಿ ಈ ದೇವಾಲಯವನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನಿಗೆ ಅವರೇ ಗುರುಗಳೆಂದು ಸಂಪ್ರದಾಯ ಹೇಳುತ್ತದೆ. ಅಂಥ ಪರಮ ಭಕ್ತರು ಬ್ರಹ್ಮಸೂತ್ರಗಳಿಗೆ ಬರೆದ ‘ಶ್ರೀಭಾಷ್ಯ’ದಲ್ಲಿ ನೈಯಾಯಿಕರ ಕುಂಬಾರನ ಯುಕ್ತಿಯನ್ನು ತರ್ಕದಿಂದಲೇ ಮುರಿಯುತ್ತಾರೆ. ಭೂಮಿ, ಸಮುದ್ರ ಮೊದಲಾದವು ಕಾರ್ಯಗಳೆಂದೇ ಒಪ್ಪಿದರೂ ಅವೆಲ್ಲ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದವು ಎನ್ನಲು ಆಧಾರವೇನು, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕರ್ತೃಗಳಿಂದ ಏಕೆ ಆಗಿರಬಾರದು ಎಂದು ಕೇಳಿ, ಈಶ್ವರನನ್ನು ತಿಳಿಯಲು ಶಾಸ್ತ್ರವೇ ಪ್ರಮಾಣ ಎಂದು ನಿಲ್ಲುತ್ತಾರೆ. ದುರ್ಬಲವಾದ ಯುಕ್ತಿಯೊಂದು ತಮ್ಮ ದೇವರ ಪರವಾಗಿದೆ ಎಂಬ ಕಾರಣಕ್ಕೆ ಅದನ್ನು ಅವರು ಉಳಿಸಿಕೊಳ್ಳಲಿಲ್ಲ. ನೀವು ಕೇಳಿದ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ.

ನೆರೆಯ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ಪೀಠದ ಮೂಲಪುರುಷರಾದ ಶಂಕರಾಚಾರ್ಯರ ಎರಡು ಮಾತುಗಳನ್ನು ಜೊತೆಯಾಗಿ ಓದಬೇಕು. ಒಬ್ಬ ಕುಶಲನು ಊಹಿಸಿದ ತರ್ಕವನ್ನು ಅವನಿಗಿಂತ ಕುಶಲನು ಕೆಡವುತ್ತಾನಾದ್ದರಿಂದ ಬರಿಯ ತರ್ಕಕ್ಕೆ ನೆಲೆಯಿಲ್ಲ ಎಂದು ಬ್ರಹ್ಮಸೂತ್ರ ಭಾಷ್ಯದಲ್ಲಿ ಬರೆದವರೇ, ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿವಾಕ್ಯಗಳು (ವೇದವಾಕ್ಯಗಳು) ಹೇಳಿದರೂ ಅವು ಪ್ರಮಾಣವಾಗಲಾರವು ಎಂದು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಪ್ರತ್ಯಕ್ಷಕ್ಕೆ ಎಟಕುವ ವಿಷಯದಲ್ಲಿ ಶ್ರುತಿ ಪ್ರತ್ಯಕ್ಷವನ್ನು ಅಲ್ಲಗಳೆಯಲಾಗದು. ಅದಕ್ಕೆ ಎಟಕದ ವಿಷಯದಲ್ಲಿ ತರ್ಕವೊಂದೇ ಸಾಲದು. ಆದರೂ ತರ್ಕವನ್ನು ಹೊರಗೆ ಕೂರಿಸಿಲ್ಲ. ಬೃಹದಾರಣ್ಯಕ ಉಪನಿಷತ್ತು ಹೇಳುವ ಶ್ರವಣ, ಮನನ, ನಿದಿಧ್ಯಾಸನ (ಆಳವಾದ ಧ್ಯಾನ)ಗಳಲ್ಲಿ ನಡುವಿನ ಮನನವೆಂದರೆ ಕೇಳಿದ್ದನ್ನು ಯುಕ್ತಿಯಿಂದ ಒರೆಗೆ ಹಚ್ಚುವುದು.

ಆದ್ದರಿಂದ ಮಗಳಿಗೆ ನಿಮ್ಮ ಎರಡು ಮಾತೂ ನಿಜವೆಂದು ಹೇಳಬಹುದು, ಆದರೆ ಒಂದು ಷರತ್ತಿನೊಂದಿಗೆ. ಗ್ರಹಣವನ್ನು ಕಂಡ ಗರ್ಭಿಣಿಯ ಮಗುವಿಗೆ ಊನವಾಗುತ್ತದೆ ಎಂದು ಯಾರಾದರೂ ಹೇಳಿದರೆ ಅದು ಪರೀಕ್ಷೆಗೆ ಒಳಪಡುವ ಹೇಳಿಕೆ. ಅಲ್ಲಿ ಶ್ರದ್ಧೆಯ ರಿಯಾಯಿತಿ ಕೇಳಬಾರದು. ಕೇಶವನ ಮುಂದೆ ನೀವು ನಿಂತಾಗ ಜಗತ್ತಿನ ನಡವಳಿಕೆಯ ಬಗ್ಗೆ ಅಂಥ ಹೇಳಿಕೆಯನ್ನೇನೂ ಮಾಡುತ್ತಿಲ್ಲ. ಈ ಗಡಿ ಎಲ್ಲೆಡೆ ಸ್ಪಷ್ಟವಾಗಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಯಿತು ಎಂಬ ಮಾತು ಗಡಿಯ ಯಾವ ಬದಿಗೆ ಸೇರುತ್ತದೆ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಅದು ಪರೀಕ್ಷೆಯ ಬದಿಗೇ ಸೇರುತ್ತದೆ ಎಂಬುದು ನನ್ನ ನಿಲುವು.

ಪ್ರಶ್ನೆ: ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಈ ಚರ್ಚೆ ಹೇಗೆ ಸಾಗಿತು?
– ವಿದ್ಯಾರ್ಥಿನಿ, ಕೊಪ್ಪ

ಉತ್ತರ: ದೇವರಿದ್ದಾನೆ ಎಂಬುದನ್ನು ಬುದ್ಧಿಯಿಂದ ತಿಳಿಯಬಹುದು, ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿದ್ದಾನೆ ಎನ್ನುವ ಕ್ರೈಸ್ತರ ತ್ರಿತ್ವದಂಥ ರಹಸ್ಯಕ್ಕೆ ಮಾತ್ರ ದೈವೀ ಪ್ರಕಟಣೆ ಬೇಕು ಎಂದು 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ವಾದಿಸಿದರು. 1781ರಲ್ಲಿ ಇಮ್ಯಾನುಯೆಲ್ ಕಾಂಟ್ ‘ಶುದ್ಧ ಬುದ್ಧಿಯ ವಿಮರ್ಶೆ’ (ಕ್ರಿಟಿಕ್ ಆಫ್ ಪ್ಯೂರ್ ರೀಸನ್) ಎಂಬ ಗ್ರಂಥದಲ್ಲಿ ದೇವರಿದ್ದಾನೆಂದು ಬುದ್ಧಿಯಿಂದ ಸಾಧಿಸುವ ಯುಕ್ತಿಗಳು ನಿಲ್ಲುವುದಿಲ್ಲವೆಂದು ತೋರಿಸಹೊರಟು, ಅದರ 1787ರ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ, ಶ್ರದ್ಧೆಗೆ ಜಾಗ ಮಾಡಲು ಜ್ಞಾನವನ್ನು ಬದಿಗಿಡಬೇಕಾಯಿತು ಎಂದರು. ಮೇಲೆ ಹೇಳಿದ ರಾಮಾನುಜರ ಹೆಜ್ಜೆಗೂ ಇದಕ್ಕೂ ಹೋಲಿಕೆ ಕಾಣುತ್ತದೆ; ಆದರೆ ತರ್ಕ ಬಿಟ್ಟುಕೊಟ್ಟ ಜಾಗದಲ್ಲಿ ರಾಮಾನುಜರು ಶಾಸ್ತ್ರವನ್ನು ಇಟ್ಟರು, ಕಾಂಟ್ ಮನುಷ್ಯನ ನೈತಿಕ ಬದುಕನ್ನು ಇಟ್ಟರು.