ಮೈಕ್ರೋ ಎಕನಾಮಿಕ್ಸ್‌ನ ಗ್ರಾಫ್ ತಲೆಗೆ ಹೋಗುತ್ತಿಲ್ಲ, ಹೇಗೆ ಓದಲಿ?

ನೀವು ಕೇಳಿದ್ದು ಇಷ್ಟು: ಪಿಯುಸಿಯಲ್ಲಿ ಸೈನ್ಸ್ ಓದಿ ಈಗ ಮಂಗಳೂರಿನಲ್ಲಿ ಬಿಎ ಸೇರಿದ್ದೀರಿ. ಮೊದಲ ಸೆಮಿಸ್ಟರ್‌ನ ಮೈಕ್ರೋ ಎಕನಾಮಿಕ್ಸ್ ಹಿಡಿತಕ್ಕೆ ಸಿಗುತ್ತಿಲ್ಲ. ವ್ಯಾಖ್ಯೆಗಳನ್ನೆಲ್ಲ ಬಾಯಿಪಾಠ ಮಾಡಿದ್ದೀರಿ. ಆದರೆ ಇಂಟರ್ನಲ್ ಪರೀಕ್ಷೆಯಲ್ಲಿ 'ಬೆಲೆಯೂ ಏರಿತು, ಮಾರಾಟವೂ ಏರಿತು. ಇದು ಬೇಡಿಕೆ ನಿಯಮಕ್ಕೆ ವಿರುದ್ಧವೇ?' ಅಂತ ಕೇಳಿದಾಗ ಪೆನ್ನು ಓಡಲಿಲ್ಲ. ಲೆಕ್ಕಕ್ಕೆ ಹೆದರಿಕೆ ಇಲ್ಲ, ಗ್ರಾಫೇ ತಲೆಕೆಳಗಾದ ಹಾಗೆ ಕಾಣುತ್ತದೆ ಅಂದಿದ್ದೀರಿ.

ನಾನು ಉಡುಪಿಯಲ್ಲಿ ಡಿಗ್ರಿ ಮಕ್ಕಳಿಗೆ ಇದೇ ಪಾಠ ಮಾಡುವವಳು. ನಿಮಗೆ ಬಿದ್ದ ಆ ಪ್ರಶ್ನೆ ತುಂಬ ಒಳ್ಳೆಯ ಪ್ರಶ್ನೆ. ಅದೊಂದು ಸರಿಯಾಗಿ ಅರ್ಥವಾದರೆ ಈ ಪೇಪರಿನ ಅರ್ಧ ಭಾಗ ಮುಗಿದ ಹಾಗೆ. ಆದ್ದರಿಂದ ನನ್ನ ಉತ್ತರ ಜಾಸ್ತಿ ಅದರ ಸುತ್ತವೇ ಇರುತ್ತದೆ.

ಒಂದು ಬೆಳಿಗ್ಗೆ ಬೇಗ ಎದ್ದು ಬಂದರಿನ ಧಕ್ಕೆಗೆ ಹೋಗಿ. ಅಥವಾ ರಜೆಯಲ್ಲಿ ಮಲ್ಪೆಗೆ ಬನ್ನಿ. ಬೋಟಿನಿಂದ ಮೀನು ಇಳಿಯುತ್ತಾ ಇರುತ್ತದೆ, ಪಕ್ಕದಲ್ಲೇ ಏಲಂ ನಡೆಯುತ್ತಾ ಇರುತ್ತದೆ. ಮಾತೆಲ್ಲ ತುಳುವಿನಲ್ಲಿ, ಬಹಳ ವೇಗದಲ್ಲಿ. ಮೀನು ಮಾರುವ ಹೆಂಗಸರು ಬುಟ್ಟಿಯ ಮೇಲೆ ಒಂದು ಕಣ್ಣು, ಪಕ್ಕದವಳ ಮುಖದ ಮೇಲೆ ಒಂದು ಕಣ್ಣು ಇಟ್ಟು ನಿಂತಿರುತ್ತಾರೆ. ಗಮನಿಸಬೇಕಾದ್ದು ಒಂದೇ ಸಂಗತಿ. ಆ ಹೊತ್ತಿಗೆ ಇಳಿದ ಮೀನು ಇಷ್ಟೇ. ಬೆಲೆ ಎಷ್ಟೇ ಏರಿದರೂ ಇವತ್ತು ಇನ್ನೊಂದು ಬುಟ್ಟಿ ಹುಟ್ಟಿ ಬರುವುದಿಲ್ಲ. ಬೆಲೆ ಬಿತ್ತು ಅಂತ ಮೀನನ್ನು ಸಮುದ್ರಕ್ಕೆ ವಾಪಸ್ ಬಿಡುವುದಕ್ಕೂ ಆಗುವುದಿಲ್ಲ. ಅಂದರೆ ಪೂರೈಕೆಯ ಗೆರೆ ನೆಟ್ಟಗೆ ನಿಂತಿದೆ. ಬೆಲೆಯನ್ನು ಆಡಿಸುವುದೆಲ್ಲ ಕೊಳ್ಳುವವರು.

ಈ ಉದಾಹರಣೆ ನಾನು ಕರಾವಳಿಯವಳು ಅಂತ ಕೊಟ್ಟದ್ದಲ್ಲ. ನಿಮ್ಮ ಪಠ್ಯದ ಬೇಡಿಕೆ-ಪೂರೈಕೆ ಗ್ರಾಫನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್. 1890ರಲ್ಲಿ ಬಂದ ತಮ್ಮ ಗ್ರಂಥದಲ್ಲಿ ಅವರು ಕೊಟ್ಟದ್ದೂ ಮೀನಿನ ಉದಾಹರಣೆಯೇ. ಒಂದೆರಡು ದಿನದ ಮಟ್ಟಿಗೆ ಹವಾಮಾನದಿಂದ ಬೆಲೆ ಏರಿಳಿಯುತ್ತದೆ. ಒಂದೆರಡು ವರ್ಷದ ಮಟ್ಟಿಗೆ ಇರುವ ದೋಣಿ, ಇರುವ ಜನರನ್ನೇ ಹೆಚ್ಚು ದುಡಿಸುತ್ತಾರೆ. ಒಂದು ತಲೆಮಾರಿನ ಮಟ್ಟಿಗೆ ಹೊಸ ದೋಣಿ, ಹೊಸ ಬೆಸ್ತರು ಬರುತ್ತಾರೆ. ಪಠ್ಯದಲ್ಲಿ 'ಅಲ್ಪಾವಧಿ', 'ದೀರ್ಘಾವಧಿ' ಅಂತ ಬರುವಾಗ ಅದನ್ನು ಕ್ಯಾಲೆಂಡರ್ ಲೆಕ್ಕ ಅಂದುಕೊಳ್ಳಬೇಡಿ. ಯಾವುದನ್ನು ಬದಲಾಯಿಸಲು ಸಮಯ ಸಿಕ್ಕಿದೆ ಅನ್ನುವ ಲೆಕ್ಕ ಅದು. ಅಡಿಕೆ ಗಿಡ ಫಲ ಕೊಡಲು ಐದಾರು ವರ್ಷ ಬೇಕು, ಬಸಳೆಗೆ ಕೆಲವು ವಾರ ಸಾಕು.

ನಿಮಗೆ ಗ್ರಾಫ್ ತಲೆಕೆಳಗೆ ಕಾಣಲು ಕಾರಣವೂ ಮಾರ್ಷಲ್ ಅವರೇ. ಸೈನ್ಸಿನಲ್ಲಿ ಕಾರಣವನ್ನು ಅಡ್ಡ ಅಕ್ಷದಲ್ಲಿ, ಪರಿಣಾಮವನ್ನು ಲಂಬ ಅಕ್ಷದಲ್ಲಿ ಹಾಕಿ ಅಭ್ಯಾಸ ಅಲ್ವಾ? 'ಬೆಲೆ ಬದಲಾದರೆ ಬೇಡಿಕೆ ಬದಲಾಗುತ್ತದೆ' ಅಂದ ಮೇಲೆ ಬೆಲೆ ಅಡ್ಡಕ್ಕೆ ಬರಬೇಕಿತ್ತು. ಮಾರ್ಷಲ್ ಅದನ್ನು ಲಂಬಕ್ಕೆ ಹಾಕಿದರು, ಅದೇ ರೂಢಿ ಉಳಿಯಿತು. ನಿಮ್ಮ ಬುದ್ಧಿಯ ತಪ್ಪಲ್ಲ ಇದು. ಸಮೀಕರಣದಿಂದ ಗ್ರಾಫ್ ಬರೆಯುವಾಗ ಈ ಒಂದು ಅದಲುಬದಲು ನೆನಪಿಟ್ಟರೆ ಸಾಕು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಬೆಲೆ ಏರುವ ಎರಡು ಸಂದರ್ಭ ನೋಡಿ.

ಒಂದು, ಜೂನ್ ತಿಂಗಳು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನಾಡದೋಣಿಯವರು ಮಾತ್ರ ಹೋಗಬಹುದು. ಮೀನು ಕಮ್ಮಿ, ಬೆಲೆ ಜಾಸ್ತಿ. ತಿನ್ನುವ ನಮ್ಮ ಆಸೆ ಏನೂ ಬದಲಾಗಿಲ್ಲ, ಬೆಲೆ ನೋಡಿ ಅರ್ಧ ಕಿಲೋ ತೆಗೆದುಕೊಂಡು ಬರುತ್ತೇವೆ. ಇಲ್ಲಿ ಪೂರೈಕೆಯ ಗೆರೆ ಎಡಕ್ಕೆ ಸರಿದಿದೆ. ಬೇಡಿಕೆಯ ಗೆರೆ ಇದ್ದಲ್ಲೇ ಇದೆ, ನಾವು ಅದರ ಮೇಲೆಯೇ ಮೇಲಕ್ಕೆ ಹೋಗಿದ್ದೇವೆ. ಬೆಲೆ ಏರಿತು, ಕೊಂಡ ಪ್ರಮಾಣ ಇಳಿಯಿತು. (ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಮಧ್ಯದ ಮೇಲೆ ಆ ಕಡೆಯ ಮೀನು ಐಸು ಹಾಕಿದ ಲಾರಿಗಳಲ್ಲಿ ಇಲ್ಲಿಗೆ ಬರಬಹುದು. ಆಗ ಪೂರೈಕೆಯ ಗೆರೆ ಸ್ವಲ್ಪ ಬಲಕ್ಕೆ ಬಂತು ಅಂತ ಬರೆಯಬೇಕು.)

ಇನ್ನೊಂದು, ಮದುವೆ ಸೀಸನ್‌ನ ಶಂಕರಪುರ ಮಲ್ಲಿಗೆ. ನಿಮಗೆ ಗೊತ್ತಿರಬಹುದು, ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂ ಕೊಳ್ಳುವ ಕಟ್ಟೆಯಲ್ಲಿ ದಿನಾ ರೇಟು ಬದಲಾಗುತ್ತದೆ. ಗಿಡದಲ್ಲಿ ಹೂ ಚೆನ್ನಾಗಿ ಬಿಡುವ ದಿನಗಳಲ್ಲೇ ಸಾಲು ಸಾಲು ಮುಹೂರ್ತ ಬಂತು ಅಂತ ಇಟ್ಟುಕೊಳ್ಳಿ. ರೇಟು ಏರುತ್ತದೆ. ರೇಟು ಏರಿತು ಅಂತ ಮನೆಯವರೆಲ್ಲ ಬೆಳಿಗ್ಗೆ ಬೇಗ ಎದ್ದು ಒಂದು ಮೊಗ್ಗೂ ಬಿಡದೆ ಕೊಯ್ಯುತ್ತಾರೆ, ದೂರದ ಬೆಳೆಗಾರರೂ ಹೂ ತರುತ್ತಾರೆ. ಬೆಲೆಯೂ ಜಾಸ್ತಿ, ಮಾರಾಟವೂ ಜಾಸ್ತಿ. ಇಲ್ಲಿ ಸರಿದದ್ದು ಬೇಡಿಕೆಯ ಗೆರೆ, ಬಲಕ್ಕೆ. ಪೂರೈಕೆಯ ಗೆರೆ ಇದ್ದಲ್ಲೇ ಇದೆ.

ಹಾಗಾದರೆ ಬೇಡಿಕೆ ನಿಯಮ ಮುರಿಯಿತಾ? ಇಲ್ಲ. ಆ ನಿಯಮ ಹೇಳುವುದು 'ಉಳಿದದ್ದೆಲ್ಲ ಹಾಗೇ ಇದ್ದರೆ' ಬೆಲೆ ಏರಿದಾಗ ಕೊಳ್ಳುವುದು ಕಮ್ಮಿಯಾಗುತ್ತದೆ ಅಂತ. ಮದುವೆ ಸೀಸನ್‌ನಲ್ಲಿ ಉಳಿದದ್ದು ಹಾಗೇ ಇಲ್ಲ. ಅದೇ ಮುಹೂರ್ತದ ದಿನ ರೇಟು ಇನ್ನೂ ಏರಿದರೆ ಎರಡು ಅಟ್ಟೆ ಬೇಕು ಅಂದವರು ಒಂದೂವರೆಗೆ ಇಳಿಯುತ್ತಾರೆ. ನಿಯಮ ಅಲ್ಲಿದೆ. ಪರೀಕ್ಷೆಯಲ್ಲಿ ನೀವು ಬರೆಯಬೇಕಿದ್ದದ್ದು ಇದನ್ನೇ. ಇಂಥ ಪ್ರಶ್ನೆ ಕಂಡ ಕೂಡಲೇ ಬಹಳ ಮಕ್ಕಳು 'ಗಿಫೆನ್ ಸರಕು' ಅಂತ ಬರೆದುಬಿಡುತ್ತಾರೆ. ಬೆಲೆ ಏರಿದರೆ ಜನ ಇನ್ನೂ ಜಾಸ್ತಿ ಕೊಳ್ಳುವ ಸರಕು ಅಂತ ಅದರ ಅರ್ಥ. ಅದು ತೀರಾ ಅಪರೂಪದ ವಿಷಯ. ಬಡವರ ಊಟದ ಬಹುಪಾಲು ತುಂಬುವ ಅಗ್ಗದ ಧಾನ್ಯದಂಥ ಕಡೆ ಮಾತ್ರ ಅದರ ಮಾತು ಬರುತ್ತದೆ. ಮೊದಲು ಗೆರೆ ಸರಿಯಿತಾ ನೋಡಿ, ಗಿಫೆನ್ ಆಮೇಲೆ.

ಡಿಸೆಂಬರ್-ಜನವರಿಯಲ್ಲಿ ಇದು ಇನ್ನೂ ಸ್ವಾರಸ್ಯವಾಗುತ್ತದೆ. ಚಳಿಗೆ ಹೂ ಕಮ್ಮಿ, ಜೊತೆಗೆ ಮದುವೆ. ಅಟ್ಟೆಗೆ 2,100 ರೂಪಾಯಿ ಮುಟ್ಟಿದ್ದೂ ಉಂಟು. ಎರಡೂ ಗೆರೆ ಒಟ್ಟಿಗೆ ಸರಿದಿವೆ. ಬೆಲೆ ಏರುವುದು ಖಂಡಿತ. ಆದರೆ ಮಾರಾಟ ಏರಿತಾ ಇಳಿಯಿತಾ ಅಂತ ಗ್ರಾಫಿನಿಂದ ಹೇಳಲು ಆಗುವುದಿಲ್ಲ. ಯಾವ ಗೆರೆ ಎಷ್ಟು ಸರಿಯಿತು ಅನ್ನುವುದರ ಮೇಲೆ ಹೋಗುತ್ತದೆ. 'ಹೇಳಲು ಆಗುವುದಿಲ್ಲ' ಅಂತ ಕಾರಣ ಸಮೇತ ಬರೆದರೆ ಪೂರ್ತಿ ಮಾರ್ಕು. ನಾನಂತೂ ಅಂಥ ಉತ್ತರ ಕಂಡರೆ ತುಂಬ ಖುಷಿಪಡುತ್ತೇನೆ.

ಬೆಲೆ ಬದಲಾದಾಗ ಕೊಳ್ಳುವ ಪ್ರಮಾಣ ಎಷ್ಟರಮಟ್ಟಿಗೆ ಬದಲಾಗುತ್ತದೆ ಅನ್ನುವುದೇ ಸ್ಥಿತಿಸ್ಥಾಪಕತ್ವ. ಅದಕ್ಕೆ ಒಂದು ಲೆಕ್ಕ ಮಾಡಿ ನೋಡಿದರೆ ಸಾಕು. ಅಂಕಿಗಳು ಸುಮ್ನೆ ಉದಾಹರಣೆಗೆ. ಅಂಜಲ್ ಮೀನು ಕಿಲೋಗೆ 800 ಇದ್ದದ್ದು 1,000 ಆಯಿತು, ಅಂದರೆ 25 ಶೇಕಡಾ ಏರಿಕೆ. ಒಂದು ಅಂಗಡಿಯ ಮಾರಾಟ 40 ಕಿಲೋದಿಂದ 24ಕ್ಕೆ ಬಿತ್ತು, 40 ಶೇಕಡಾ ಇಳಿಕೆ. 40ನ್ನು 25ರಿಂದ ಭಾಗಿಸಿ, 1.6. ಕುಚ್ಚಲಕ್ಕಿ 50ರಿಂದ 60 ಆಯಿತು, 20 ಶೇಕಡಾ. ಮಾರಾಟ 100 ಕಿಲೋದಿಂದ 95ಕ್ಕೆ ಬಂತು, 5 ಶೇಕಡಾ. ಉತ್ತರ 0.25. ಈಗ ಅಂಗಡಿಯ ಗಲ್ಲಾಪೆಟ್ಟಿಗೆ ನೋಡಿ. ಮೀನಿನವನಿಗೆ 32,000 ಬರುತ್ತಿದ್ದದ್ದು 24,000 ಆಯಿತು. ಅಕ್ಕಿಯವನಿಗೆ 5,000 ಇದ್ದದ್ದು 5,700 ಆಯಿತು. ಒಂದಕ್ಕಿಂತ ಮೇಲಿದ್ದರೆ ಬೆಲೆ ಏರಿಸಿದವನಿಗೆ ಆದಾಯ ಇಳಿಯುತ್ತದೆ, ಕೆಳಗಿದ್ದರೆ ಏರುತ್ತದೆ. ಅಂಜಲ್ ಬಿಟ್ಟರೆ ಬಂಗುಡೆ ಉಂಟು, ಬೂತಾಯಿ ಉಂಟು, ಕೋಳಿ ಉಂಟು. ಅನ್ನ ಬಿಟ್ಟು ನಮ್ಮವರು ಎಲ್ಲಿಗೆ ಹೋಗುತ್ತಾರೆ?

ವೆಚ್ಚದ ಅಧ್ಯಾಯದಲ್ಲಿ ಏಳೆಂಟು ಗೆರೆ ಒಂದರ ಮೇಲೊಂದು ಬರುತ್ತವೆ. ಅಲ್ಲಿ ಎಲ್ಲರೂ ಎಡವುವುದು 'ನಷ್ಟವಾದರೂ ಉತ್ಪಾದನೆ ಯಾಕೆ ಮಾಡುತ್ತಾರೆ' ಅನ್ನುವ ಕಡೆ. ಟ್ರಾಲ್‌ಬೋಟಿನ ಮಾಲೀಕರ ಜಾಗದಲ್ಲಿ ನಿಂತು ಯೋಚಿಸಿ. ಒಂದು ಟ್ರಿಪ್ಪಿಗೆ ಡೀಸೆಲ್, ಐಸು, ಅಕ್ಕಿ-ಸಾಮಾನು, ಕೆಲಸದವರ ಖರ್ಚು ಎಲ್ಲ ಸೇರಿ ಮೂರು ಲಕ್ಷ ಅಂತಿಟ್ಟುಕೊಳ್ಳಿ. ಬ್ಯಾಂಕ್ ಸಾಲದ ಕಂತು, ವಿಮೆ ಇವುಗಳ ಪಾಲು ಒಂದು ಲಕ್ಷ. ಬೋಟು ಹೋಗಲಿ ಬಿಡಲಿ, ಅದನ್ನು ಕಟ್ಟಲೇಬೇಕು. ಮೂರೂವರೆ ಲಕ್ಷದ ಮೀನು ಸಿಗುವ ಅಂದಾಜಿದ್ದರೆ ನಷ್ಟ ಅರ್ಧ ಲಕ್ಷ. ಹೋಗದಿದ್ದರೆ ನಷ್ಟ ಪೂರ್ತಿ ಒಂದು ಲಕ್ಷ. ಹೋಗುವುದೇ ಮೇಲು. ಎರಡೂವರೆ ಲಕ್ಷದ್ದು ಮಾತ್ರ ಸಿಗುವುದಾದರೆ ನಷ್ಟ ಒಂದೂವರೆ ಲಕ್ಷ. ಆಗ ಬೋಟು ಕಟ್ಟಿ ಕೂರುವುದೇ ಸರಿ. ಮೀನಿಲ್ಲದ ವರ್ಷಗಳಲ್ಲಿ ನಿಷೇಧ ಶುರುವಾಗುವ ಮೊದಲೇ ಮಲ್ಪೆಯಲ್ಲಿ ಬೋಟುಗಳು ಸಾಲಾಗಿ ನಿಂತಿರುವುದು ಈ ಲೆಕ್ಕದಿಂದಲೇ. ಪಠ್ಯದಲ್ಲಿ 'ಬೆಲೆ ಸರಾಸರಿ ಬದಲಾಗುವ ವೆಚ್ಚಕ್ಕಿಂತ ಕೆಳಗಿಳಿದರೆ ಸಂಸ್ಥೆ ಮುಚ್ಚುತ್ತದೆ' ಅಂತ ಒಂದು ಸಾಲಿನಲ್ಲಿ ಹೇಳಿರುವುದು ಇದನ್ನೇ. ಬೋಟು ಹೋದರೆ ಮಾತ್ರ ಬರುವ ಆ ಮೂರು ಲಕ್ಷವೇ ಬದಲಾಗುವ ವೆಚ್ಚ. ಆ ಒಂದು ಸಾಲಿನ ಹಿಂದೆ ಒಂದು ಮನೆಯ ಸಾಲ, ಹತ್ತಾರು ಜನರ ಕೆಲಸ ಇದೆ. ಅದು ಕಣ್ಣಿಗೆ ಕಂಡರೆ ಮರೆಯುವುದಿಲ್ಲ.

ಮಾರುಕಟ್ಟೆಯ ವಿಧಗಳಿಗೆ ನಿಮ್ಮ ಕಣ್ಣೆದುರೇ ಎರಡು ಉದಾಹರಣೆ ಇವೆ. ಸ್ಟೇಟ್‌ಬ್ಯಾಂಕ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಲ್ಲಿ. ಸಿಟಿ ಬಸ್ಸಿನ ಟಿಕೆಟ್ ದರ ಸಾರಿಗೆ ಪ್ರಾಧಿಕಾರ ಗೊತ್ತು ಮಾಡಿದ್ದು, ಒಂದು ರೂಪಾಯಿ ಇಳಿಸಿ ಜನ ಸೆಳೆಯುವ ಹಾಗಿಲ್ಲ. ಪರ್ಮಿಟ್ ಇಲ್ಲದೆ ಹೊಸ ಬಸ್ಸು ಇಳಿಯುವ ಹಾಗೂ ಇಲ್ಲ. ಆದ್ದರಿಂದ ಪೈಪೋಟಿ ಎಲ್ಲ ಟೈಮಿನಲ್ಲಿ, ಸ್ಪೀಡಿನಲ್ಲಿ, ಕಂಡಕ್ಟರ್ ಕೂಗಿನಲ್ಲಿ. ಬೆಲೆಯಲ್ಲದ ಪೈಪೋಟಿ ಅಂದರೆ ಇದು. ಇನ್ನೊಂದು ಕ್ಯಾಂಪ್ಕೊ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ. 1970ರ ದಶಕದ ಶುರುವಿನಲ್ಲಿ ಅಡಿಕೆ ಬೆಲೆ ಕುಸಿದಿತ್ತು. ಮಾರುವ ಬೆಳೆಗಾರರು ಸಾವಿರಾರು, ಕೊಳ್ಳುವ ವ್ಯಾಪಾರಿಗಳು ಕೆಲವರೇ. ಆಗ 1973ರಲ್ಲಿ ಕರ್ನಾಟಕ-ಕೇರಳದ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಈ ಸಹಕಾರಿ ಹುಟ್ಟಿತು. ಮಾರುಕಟ್ಟೆಗೆ ದೊಡ್ಡ ಕೊಳ್ಳುವವನೊಬ್ಬ ಬಂದ ಹಾಗಾಯಿತು. ಏಕಸ್ವಾಮ್ಯ, ಅಂದರೆ ಮಾರುಕಟ್ಟೆಯ ಮೇಲೆ ಒಬ್ಬನದೇ ಹಿಡಿತ, ಮಾರುವವನ ಕಡೆಯದ್ದು ಮಾತ್ರ ಅಂತ ಪಠ್ಯ ಓದಿ ಅನ್ನಿಸಬಹುದು. ಕೊಳ್ಳುವವರ ಕಡೆಯ ಬಲವೂ ಅಷ್ಟೇ ದೊಡ್ಡದು, ನಮ್ಮ ಜಿಲ್ಲೆಯ ರೈತರಿಗೆ ಇದು ಪುಸ್ತಕ ಇಲ್ಲದೆಯೂ ಗೊತ್ತು. ಮನೆಯಲ್ಲಿ ತೋಟ ಇದ್ದರೆ, ಹೊಸ ಅಡಿಕೆಯನ್ನು ಈಗಲೇ ಕೊಡುವುದೋ, ಹಳೆಯದಾಗಿ ಸಿಂಗಲ್ ಚೋಲ್ ಅನ್ನಿಸಿಕೊಳ್ಳುವವರೆಗೆ ಇಡುವುದೋ ಅಂತ ಅಪ್ಪ ಹೇಗೆ ನಿರ್ಧರಿಸುತ್ತಾರೆ ಕೇಳಿ. ಮುಂದಿನ ಬೆಲೆಯ ನಿರೀಕ್ಷೆ ಇವತ್ತಿನ ಪೂರೈಕೆಯನ್ನು ಬದಲಿಸುತ್ತದೆ ಅನ್ನುವ ಪಾಠ ಅಲ್ಲೇ ಮುಗಿಯುತ್ತದೆ.

ಔದಾಸೀನ್ಯ ರೇಖೆಯ (ಒಂದೇ ಸಮ ತೃಪ್ತಿ ಕೊಡುವ ಎರಡು ಸರಕುಗಳ ಜೋಡಿಗಳ ಗೆರೆ) ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಜೆಟ್ ಗೆರೆ, ಅಂದರೆ ಕೈಯಲ್ಲಿರುವ ದುಡ್ಡಿಗೆ ಏನೇನು ಕೊಳ್ಳಬಹುದು ಅಂತ ತೋರಿಸುವ ಗೆರೆ, ಸರಿಯಾಗಿ ಬರೆಯಲು ಕಲಿಯಿರಿ, ಅದು ಔದಾಸೀನ್ಯ ರೇಖೆಯನ್ನು ಮುಟ್ಟಿ ಹೋಗುವ ಬಿಂದು ಯಾಕೆ ಮುಖ್ಯ ಅಂತ ತಿಳಿಯಿರಿ. ಮೊದಲ ಸೆಮಿಸ್ಟರ್‌ಗೆ ಅಷ್ಟು ಸಾಕು.

ಓದುವ ಕ್ರಮ ಹೇಳುತ್ತೇನೆ. ದ್ವಿತೀಯ ಪಿಯುಸಿಯ ಅರ್ಥಶಾಸ್ತ್ರ ಪಠ್ಯದಲ್ಲಿ ಸೂಕ್ಷ್ಮ ಅರ್ಥಶಾಸ್ತ್ರದ ಭಾಗ ಕನ್ನಡದಲ್ಲೂ ಸಿಗುತ್ತದೆ. ಆರ್ಟ್ಸ್ ಅಥವಾ ಕಾಮರ್ಸ್ ಓದಿದ ಗೆಳೆಯರಿಂದ ತೆಗೆದುಕೊಂಡು ಮೊದಲು ಅದನ್ನು ಓದಿ. ನಿಮ್ಮ ಕ್ಲಾಸಿನ ಅರ್ಧ ಜನ ಅದನ್ನು ಓದಿಕೊಂಡೇ ಬಂದಿದ್ದಾರೆ, ಲೆಕ್ಚರರ್ ಓಡಿಸುವುದೂ ಅದಕ್ಕೇ. ಗ್ರಾಫ್‌ಗಳನ್ನು ನೋಡಬೇಡಿ, ಬರೆಯಿರಿ. ಖಾಲಿ ಹಾಳೆಯಲ್ಲಿ ಅಕ್ಷಕ್ಕೆ ಹೆಸರು, ಹಳೆಯ ಸಮತೋಲನ (ಎರಡು ಗೆರೆ ಕೂಡುವ ಬಿಂದು), ಸರಿದ ಗೆರೆ, ಹೊಸ ಸಮತೋಲನ. ಪಕ್ಕದಲ್ಲಿ ಒಂದು ವಾಕ್ಯ: ಏನು ಬದಲಾಯಿತು, ಯಾವ ಗೆರೆ, ಯಾವ ಕಡೆಗೆ. ದಿನಾ ಪೇಪರಿನಲ್ಲಿ ಬರುವ ಒಂದು ಬೆಲೆ ಸುದ್ದಿಗೆ ಹೀಗೆ ಮಾಡಿ. ತೆಂಗಿನಕಾಯಿ ಆಗಬಹುದು, ಮಟ್ಟುಗುಳ್ಳ ಬದನೆ ಆಗಬಹುದು. ಇಂಟರ್ನಲ್ ಪೇಪರ್ ವಾಪಸ್ ಕೊಟ್ಟ ದಿನ ಅದನ್ನು ಹಿಡಿದುಕೊಂಡು ಸ್ಟಾಫ್‌ರೂಮಿಗೆ ಹೋಗಿ, 'ಈ ಪ್ರಶ್ನೆಗೆ ಗ್ರಾಫ್ ಹೀಗೆ ಬರೆದಿದ್ದೇನೆ, ಸರಿಯಾ?' ಅಂತ ಕೇಳಿ. 'ಏನೂ ಅರ್ಥ ಆಗಲಿಲ್ಲ' ಅಂದರೆ ನಮಗೆ ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗುವುದಿಲ್ಲ. ಬರೆದ ಒಂದು ಗ್ರಾಫ್ ಎದುರಿಗಿದ್ದರೆ ತಪ್ಪು ಎಲ್ಲಿ ಅಂತ ಐದು ನಿಮಿಷದಲ್ಲಿ ತೋರಿಸಿಕೊಡಬಹುದು.